ಚಿರಂಜೀವಿತ್ವದ ಹಂಬಲ

ಕುಂದಾಪುರದಿಂದ ಕೊಲ್ಲೂರಿಗೆ ಹೋಗುವ ದಾರಿಯ ಸಮೀಪದಲ್ಲಿ ಮಾರಣಕಟ್ಟೆ ಎಂಬ ಸ್ಥಳವುಂಟು. ಹೆಸರೇ ಅದರ ಕಥೆಯನ್ನು ಹೇಳುತ್ತದೆ. ಕೌಂಹಾಸುರನೆಂಬ ದೈತ್ಯನು ಸಾವು ತನ್ನ ಬಳಿ ಸುಳಿಯದಂತಹ ವರವನ್ನು ಪಡೆಯಬೇಕೆಂದು ಘೋರವಾದ ತಪಸ್ಸನ್ನು ಮಾಡಿದನೆಂದೂ, ಶಿವನು ಪ್ರತ್ಯಕ್ಷನಾಗಿ ಬೇಡೆಂದ ಹೊತ್ತಿಗೆ ವಾಗ್ದೇವಿಯು ಅವನ ನಾಲಗೆಯನ್ನು ಕಟ್ಟಿಬಿಟ್ಟಳೆಂದೂ, ಮೂಕನಾದ ಆ ಅಸುರನನ್ನು ದೇವಿಯು ಇಲ್ಲಿ ಸಂಹರಿಸಿ ಕೊಲ್ಲೂರಿನಲ್ಲಿ ಮೂಕಾಂಬಿಕೆಯಾಗಿ ನೆಲೆಸಿದಳೆಂದೂ ಸ್ಥಳಪುರಾಣವು ಹೇಳುತ್ತದೆ.

ಪುರಾಣಗಳ ಅಸುರರಲ್ಲಿ ಹೆಚ್ಚಿನವರು ಬೇಡಿದ ವರ ಒಂದೇ. ಹಿರಣ್ಯಕಶಿಪುವು ಹಗಲಲ್ಲ ಇರುಳಲ್ಲ, ಒಳಗಲ್ಲ ಹೊರಗಲ್ಲವೆಂದು ನುರಿತ ವಕೀಲನಂತೆ ಕರಾರು ಬರೆಯಿಸಿಕೊಂಡನು. ಆ ಕರಾರಿನ ಸಂದಿಯಿಂದಲೇ ಸಾವು ಒಳನುಗ್ಗಿತು. ನಮ್ಮ ಕೌಂಹಾಸುರನಿಗೆ ಅಷ್ಟು ಅವಕಾಶವೂ ದೊರೆಯಲಿಲ್ಲ. ಆಸೆಯಿತ್ತು, ತಪಸ್ಸಿತ್ತು, ಕೊಡತಕ್ಕವನು ಎದುರಿಗೇ ನಿಂತಿದ್ದನು, ಮಾತೊಂದೇ ಬರಲಿಲ್ಲ.

ಇದೇ ಸೀಮೆಯ ಕಡಲಂಚಿನಲ್ಲಿ, ಶಿರೂರು, ಗಂಗೊಳ್ಳಿ, ಕುಂದಾಪುರಗಳಲ್ಲಿಯೂ ವಾರಾಹಿ ಹೊಳೆಯ ದಡದ ಕಂಡ್ಲೂರಿನಲ್ಲಿಯೂ ಮಸೀದಿಗಳ ಸುತ್ತ ಬದುಕುತ್ತ ಬಂದ ಮುಸಲ್ಮಾನ ಜನ ಈ ಆಸೆಯನ್ನು ಕುರಿತು ಬೇರೊಂದು ಕಥೆಯನ್ನು ಕೇಳಿ ಬೆಳೆದವರು. ಅಲ್ಲಿ ಸಾವಿಲ್ಲದ ಬಾಳನ್ನು ಬಯಸಿದವನು ಅಸುರನಲ್ಲ, ಮನುಷ್ಯಕುಲದ ಮೂಲಪುರುಷನೇ.

ಆದಮನು ಸ್ವರ್ಗದ ತೋಟದಲ್ಲಿದ್ದನು. ಹಸಿವಿಲ್ಲ, ಬಾಯಾರಿಕೆಯಿಲ್ಲ, ಬಿಸಿಲಿನ ಬೇಗೆಯಿಲ್ಲ. ಇಂಥವನನ್ನು ಯಾವ ಆಮಿಷವನ್ನೊಡ್ಡಿ ಕೆಡಿಸಬೇಕು? ಇಬ್ಲೀಸನು ಬಹಳ ಯೋಚಿಸಿ ಒಂದೇ ದಾರಿಯನ್ನು ಕಂಡುಕೊಂಡನು. ಶಾಶ್ವತ ಜೀವನವನ್ನೂ ಎಂದಿಗೂ ಕ್ಷಯಿಸದ ರಾಜ್ಯವನ್ನೂ ಕೊಡುವ ಮರವೊಂದಿದೆ, ತೋರಿಸಲೇ ಎಂದು ಅವನು ಆದಮನ ಕಿವಿಯಲ್ಲಿ ಉಸಿರಿದನೆಂದು ಕುರಾನಿನ ‘ತಾಹಾ’ ಎಂಬ ಅಧ್ಯಾಯದಲ್ಲಿದೆ. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ದೇವರು ಆ ಮರಕ್ಕೆ ಹೆಸರಿಟ್ಟಿರಲಿಲ್ಲ. ಅದರ ಹತ್ತಿರ ಹೋಗಬೇಡವೆಂದು ಮಾತ್ರ ಹೇಳಿದ್ದನು. ‘ಖುಲ್ದ್’, ಅಂದರೆ ಅಮರತ್ವದ ಮರ ಎಂಬ ಹೆಸರನ್ನು ಕೊಟ್ಟವನು ಇಬ್ಲೀಸನು. ಸರಕಿನ ಚೀಟಿಯನ್ನು ಅಂಟಿಸಿದವನು ಮಾರಾಟಗಾರನೇ ಎಂದಾಯಿತು. ಆದಮನು ತಿಂದನು. ಅವನಿಗೆ ದೊರೆತದ್ದು ಅಮರತ್ವವಲ್ಲ, ತಾನು ಬತ್ತಲೆಯೆಂಬ ಅರಿವು.

ಆದಮನ ಮಕ್ಕಳಲ್ಲಿಯೂ ಆಸೆ ತೀರಲಿಲ್ಲವೆಂಬುದಕ್ಕೆ ಕುರಾನಿನಲ್ಲಿ ಸಾಕ್ಷ್ಯಗಳು ಬೇಕಾದಷ್ಟಿವೆ. ತಾವು ಎಂದೆಂದಿಗೂ ಇರುವವರಂತೆ ಭಾರಿ ಸೌಧಗಳನ್ನು ಕಟ್ಟಿದ ‘ಆದ್’ ಜನಾಂಗವು ಬಿರುಗಾಳಿಗೆ ಹೇಳಹೆಸರಿಲ್ಲದಂತೆ ಹೋಯಿತು. ಹಣವನ್ನು ಎಣಿಸೆಣಿಸಿ ಕೂಡಿಡುವವನೊಬ್ಬನು, ಆ ಗಂಟೇ ತನ್ನನ್ನು ಚಿರಂಜೀವಿಯನ್ನಾಗಿ ಮಾಡುವುದೆಂದು ನಂಬಿ ಕುಳಿತಿರುವ ಚಿತ್ರವೂ ಅಲ್ಲಿದೆ. ಪೈಗಂಬರ ಮುಹಮ್ಮದರ ಹೆಸರಿನಲ್ಲಿ ಬಂದಿರುವ ಹದೀಸೊಂದರ ತಾತ್ಪರ್ಯವು ಇನ್ನೂ ಮಾರ್ಮಿಕವಾದುದು: ಮನುಷ್ಯನು ಮುದುಕನಾಗುತ್ತ ಹೋದಂತೆ ಅವನೊಳಗೆ ಎರಡು ಸಂಗತಿಗಳು ಮಾತ್ರ ಹರೆಯಕ್ಕೆ ಬರುತ್ತವೆ, ಒಂದು ಹಣದಾಸೆ, ಇನ್ನೊಂದು ಆಯುಸ್ಸಿನಾಸೆ.

ಹಾಗಾದರೆ ಇಸ್ಲಾಮ್ ಈ ಆಸೆಯನ್ನೇ ಹಳಿಯುತ್ತದೆಯೆ? ಮೇಲುನೋಟಕ್ಕೆ ಹಾಗೆ ತೋರಬಹುದು. ಆದರೆ ಇಬ್ಲೀಸನ ಬಾಯಲ್ಲಿ ಬಂದ ಆ ‘ಖುಲ್ದ್’ ಎಂಬ ಶಬ್ದವೇ ಸಜ್ಜನರಿಗೆ ದೊರೆಯುವ ಸ್ವರ್ಗದ ವರ್ಣನೆಯಲ್ಲಿಯೂ ಬರುತ್ತದೆ. ಮೋಸಗಾರನು ಆಶೆ ತೋರಿಸಿದ ವಸ್ತುವೂ ದೇವರು ಮಾತು ಕೊಟ್ಟ ವಸ್ತುವೂ ಒಂದೇ. ಭೇದವಿರುವುದು ಎಲ್ಲಿ, ಯಾವಾಗ, ಯಾರ ಕೈಯಿಂದ ಎಂಬುದರಲ್ಲಿ. ಆದುದರಿಂದ ಈ ಹಂಬಲವು ಪಾಪವೆಂದಲ್ಲ, ಇದು ಅವಸರಪಟ್ಟಿತೆಂದು ಹೇಳಿದರೆ ಸರಿಯಾದೀತು. ಕೌಂಹಾಸುರನ ನಾಲಗೆಯನ್ನು ಕಟ್ಟಲಾಯಿತು; ಆದಮನ ಮಾತನ್ನು ಮುಂದಕ್ಕೆ ಹಾಕಲಾಯಿತು.

ದಾರ್ಶನಿಕರು ಈ ವಿಷಯದಲ್ಲಿ ಸುಮ್ಮನಿರಲಿಲ್ಲ. 1037ರಲ್ಲಿ ತೀರಿಕೊಂಡ ಇಬ್ನ್ ಸೀನಾನು ಶೂನ್ಯದಲ್ಲಿ ತೂಗಿಬಿಟ್ಟ ಮನುಷ್ಯನೊಬ್ಬನನ್ನು ಕಲ್ಪಿಸಿಕೊಳ್ಳಲು ಹೇಳಿದನು. ಅವನಿಗೆ ಏನೂ ಕಾಣದು, ಕೇಳದು. ತನ್ನ ಕೈಕಾಲುಗಳು ಸಹ ತಾಗವು. ಆದರೂ ತಾನು ಇದ್ದೇನೆಂಬುದನ್ನು ಅವನು ಬಲ್ಲನು. ಆದ್ದರಿಂದ ಆತ್ಮವು ದೇಹವಲ್ಲ, ದೇಹದೊಡನೆ ಅಳಿಯುವುದೂ ಇಲ್ಲವೆಂದು ಅವನ ವಾದ. ಆತ್ಮ ಉಳಿದರೆ ಸಾಲದು, ಮೂಳೆ ಮಾಂಸಗಳ ಸಹಿತ ಮನುಷ್ಯನು ಎದ್ದುಬರಬೇಕು ಎಂದವನು ಅಲ್ ಗಝಾಲಿ. ದೇಹದ ಪುನರುತ್ಥಾನವನ್ನು ಅಲ್ಲಗಳೆದುದು ದಾರ್ಶನಿಕರ ಕ್ಷಮಿಸಲಾಗದ ಮೂರು ತಪ್ಪುಗಳಲ್ಲಿ ಒಂದೆಂದು ಅವನು ಎಣಿಸಿದನು. ಗಝಾಲಿಯ ಪಕ್ಷದಲ್ಲಿ ತರ್ಕಕ್ಕಿಂತ ಮಾನವಸಹಜವಾದ ಭಾವನೆ ಹೆಚ್ಚಾಗಿದೆಯೆಂದು ನನಗೆ ತೋರುತ್ತದೆ. ತಾಯಿಗೆ ಬೇಕಾದದ್ದು ಮಗನ ಆತ್ಮತತ್ತ್ವವಲ್ಲ, ಮಗ.

ನಮ್ಮ ಕಾಲಕ್ಕೆ ಹತ್ತಿರದವನಾದ ಕವಿ ಇಕ್ಬಾಲನು 1929ರ ಜನವರಿಯಲ್ಲಿ ಮದರಾಸಿನ ಉಪನ್ಯಾಸಗಳನ್ನು ಮುಗಿಸಿ ಬೆಂಗಳೂರು ಮೈಸೂರುಗಳಿಗೂ ಬಂದಿದ್ದನು; ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಗೋರಿಯನ್ನು ಸಂದರ್ಶಿಸಿದನು. ಮರುವರ್ಷ ಗ್ರಂಥರೂಪದಲ್ಲಿ ಬಂದ ಆ ಉಪನ್ಯಾಸಮಾಲೆಯ ನಾಲ್ಕನೆಯದು ಈ ಪ್ರಶ್ನೆಯನ್ನೇ ಕುರಿತದ್ದು. ಅಮರತ್ವವು ಮನುಷ್ಯನಿಗೆ ಹುಟ್ಟಿನಿಂದ ಬಂದ ಹಕ್ಕಲ್ಲ. ತನ್ನ ಕೃತಿಗಳಿಂದ ‘ಖುದಿ’ಯನ್ನು, ಅಂದರೆ ತನ್ನತನವನ್ನು, ಸಾವಿನ ಪೆಟ್ಟಿಗೂ ಚದರದಷ್ಟು ಗಟ್ಟಿಮಾಡಿಕೊಂಡವನು ಅದನ್ನು ಗಳಿಸಿಕೊಳ್ಳಬೇಕೆಂದು ಅವನ ಮತ. ಎದೆಗೆ ಕೆಚ್ಚನ್ನು ತುಂಬುವ ವಿಚಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ದೋಣಿ ಮಗುಚಿ ಹದಿನೆಂಟರ ಹರೆಯದಲ್ಲಿ ನೀರುಪಾಲಾದ ಹುಡುಗನ ಮನೆಯಲ್ಲಿ ಕುಳಿತು ಇದನ್ನು ಹೇಳಲು ಯಾರಿಗೆ ನಾಲಗೆ ಬಂದೀತು? ಆ ಹುಡುಗನಿಗೆ ತನ್ನತನವನ್ನು ಗಟ್ಟಿಮಾಡಿಕೊಳ್ಳಲು ಹೊತ್ತೆಲ್ಲಿತ್ತು?

ಕಡಲ ಜನರಿಗೆ ಉತ್ತರವು ಕಡಲಿನಿಂದಲೇ ಬರಬೇಕು. ಕುರಾನಿನ ‘ಕಹ್ಫ್’ ಅಧ್ಯಾಯದಲ್ಲಿ ಮೂಸಾ ಪ್ರವಾದಿಯ ಪ್ರಯಾಣದ ಕಥೆಯೊಂದಿದೆ. ಎರಡು ಸಮುದ್ರಗಳು ಕೂಡುವ ಎಡೆಯನ್ನು ಮುಟ್ಟುವವರೆಗೆ ನಡೆಯುವೆನೆಂದು ಮೂಸಾ ಹೊರಟನು. ಬುತ್ತಿಗೆ ಒಂದು ಮೀನಿತ್ತು. ಬಂಡೆಯೊಂದರ ಬಳಿ ದಣಿವಾರಿಸಿಕೊಂಡಾಗ ಆ ಮೀನು ಕಡಲೊಳಗೆ ದಾರಿ ಮಾಡಿಕೊಂಡು ಹೋಗಿಬಿಟ್ಟಿತು. ಅದು ಉಪ್ಪು ಹಚ್ಚಿದ ಸತ್ತ ಮೀನಾಗಿತ್ತೆಂದೂ, ಜೀವಜಲದ ಚಿಲುಮೆಯ ಹನಿ ತಗುಲಿ ಬದುಕಿತೆಂದೂ ವ್ಯಾಖ್ಯಾನಕಾರರು ವಿವರಿಸುತ್ತಾರೆ. ಮೀನು ತಪ್ಪಿಸಿಕೊಂಡ ಎಡೆಯಲ್ಲಿಯೇ ಮೂಸಾನಿಗೆ ದೇವರ ಒಬ್ಬ ದಾಸನು ಕಂಡನು. ಕುರಾನು ಅವನ ಹೆಸರನ್ನು ಹೇಳುವುದಿಲ್ಲ. ಪರಂಪರೆಯು ಅವನನ್ನು ಖಿಝ್ರ್ ಎಂದು ಕರೆದಿದೆ. ಜೀವಜಲವನ್ನು ಕುಡಿದವನು, ಇಂದಿಗೂ ಬದುಕಿರುವವನು, ದಾರಿ ತಪ್ಪಿದವರಿಗೆ ದಾರಿ ತೋರಿಸುವವನು, ನಾವಿಕರನ್ನು ಕಾಯುವವನು. ಅದೇ ನೀರನ್ನು ಹುಡುಕುತ್ತ ಕತ್ತಲೆಯ ನಾಡಿಗೆ ಹೋದ ಸಿಕಂದರನು ಬರಿಗೈಯಲ್ಲಿ ಹಿಂದಿರುಗಿದನೆಂದು ಪಾರಸಿ ಕವಿಗಳು ಹಾಡಿರುವರು. ಹುಡುಕಿದ ಚಕ್ರವರ್ತಿಗೆ ಸಿಕ್ಕಲಿಲ್ಲ. ಹುಡುಕದ ಖಿಝ್ರನಿಗೆ ಸಿಕ್ಕಿತು.

ಗಂಗೊಳ್ಳಿಯ ಅಳಿವೆಯನ್ನು ಕಂಡವರಿಗೆ ಈ ಕಥೆ ದೂರದೇಶದ್ದೆಂದು ತೋರಲಾರದು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಪಂಚಗಂಗಾವಳಿಯಾಗಿ ಅಲ್ಲಿ ಸಮುದ್ರವನ್ನು ಸೇರುತ್ತವೆ. ಸಿಹಿನೀರು ಯಾವುದು, ಉಪ್ಪುನೀರು ಯಾವುದು ಎಂದು ಗೆರೆ ಎಳೆಯಲು ಬಾರದು. ಬಣ್ಣ ಮಾತ್ರ ಬೇರೆ. ಉಪ್ಪುಮೀನು ಒಣಗುವ ದಡ ಅದು. ಅದು ಮತ್ತೆ ಬದುಕಿ ನೀರಿಗೆ ಹಾರಿತೆಂದರೆ ಎಷ್ಟು ದೊಡ್ಡ ಸೋಜಿಗವೆಂಬುದನ್ನು ಅಲ್ಲಿನ ಮಗುವೂ ಬಲ್ಲದು. ನದಿಯ ಬಾಯಿಗೆ ‘ಅಳಿವೆ’ ಎಂದು ನಮ್ಮವರು ಕರೆದದ್ದೂ ಅರ್ಥಪೂರ್ಣವಾಗಿ ಕೇಳಿಸುತ್ತದೆ. ಅಳಿವಿಗೂ ಅಳಿವೆಗೂ ನಂಟುಂಟೆಂಬುದನ್ನು ಶಬ್ದಶಾಸ್ತ್ರಜ್ಞರು ಒಪ್ಪಲಿ ಬಿಡಲಿ, ಹೊಳೆ ತನ್ನ ಹೆಸರನ್ನು ಕಳೆದುಕೊಳ್ಳುವುದು ಅಲ್ಲಿಯೇ.

ಕುರಾನಿನಲ್ಲಿ ಈ ಸಿಹಿನೀರು ಉಪ್ಪುನೀರುಗಳ ನಡುವಣ ಕಾಣದ ತಡೆಗೆ ‘ಬರ್ಝಖ್’ ಎಂಬ ಶಬ್ದವಿದೆ. ಸತ್ತವರಿಗೂ ಅವರು ಮರಳಿ ಏಳುವ ದಿನಕ್ಕೂ ನಡುವೆ ಇರುವ ಅವಸ್ಥೆಗೂ ಅದೇ ಶಬ್ದ. ಸಾವೆಂಬುದು ಗೋಡೆಯಲ್ಲ, ಎರಡು ನೀರುಗಳ ನಡುವಣ ಪಟ್ಟಿ ಎಂದು ಇದರಿಂದ ಧ್ವನಿಸುತ್ತದೆ. ಮರವಂತೆಯಲ್ಲಿ ಒಂದು ಬದಿಗೆ ಸೌಪರ್ಣಿಕಾ, ಇನ್ನೊಂದು ಬದಿಗೆ ಅರಬ್ಬೀ ಸಮುದ್ರ, ನಡುವೆ ರಸ್ತೆಯ ಅಗಲಕ್ಕಿಂತ ತುಸುವೇ ಹೆಚ್ಚಾದ ನೆಲ. ಬರ್ಝಖ್ ಎಂದರೇನೆಂದು ವಿದ್ಯಾರ್ಥಿಗಳಿಗೆ ವಿವರಿಸಬೇಕಾದ ಅಧ್ಯಾಪಕರು ಪುಸ್ತಕವನ್ನು ಮುಚ್ಚಿ ಅವರನ್ನು ಅಲ್ಲಿಗೆ ಕರೆದೊಯ್ದರೆ ಸಾಕು.

ಖಿಝ್ರನ ಚಿರಂಜೀವಿತ್ವವನ್ನು ಪಂಡಿತರೆಲ್ಲರೂ ಒಪ್ಪಲಿಲ್ಲವೆಂಬುದನ್ನೂ ಹೇಳಬೇಕು. ಮುಹಮ್ಮದರಿಗಿಂತ ಮುಂಚೆ ಯಾವ ಮಾನವನಿಗೂ ಶಾಶ್ವತ ಜೀವನವನ್ನು ಕೊಟ್ಟಿಲ್ಲವೆಂದು ಕುರಾನಿನಲ್ಲಿಯೇ ಸ್ಪಷ್ಟವಾಗಿರುವಾಗ ಖಿಝ್ರನು ಬದುಕಿರುವುದು ಹೇಗೆಂದು ಬಾಗ್ದಾದಿನ ಇಬ್ನುಲ್ ಜೌಝಿ ಕೇಳಿದನು. ಬಹುಮಂದಿ ವಿದ್ವಾಂಸರ ಅಭಿಪ್ರಾಯದಲ್ಲಿ ಅವನು ಜೀವಂತನೇ ಎಂದವನು ಹದಿಮೂರನೆಯ ಶತಮಾನದ ಇಮಾಮ್ ನವವಿ. ನಮ್ಮ ಕರಾವಳಿಯ ನವಾಯತರೂ ಬ್ಯಾರಿಗಳೂ ಅನುಸರಿಸುವ ಶಾಫಿ ಪಂಥದಲ್ಲಿ ನವವಿಯ ಮಾತಿಗೆ ತೂಕ ಹೆಚ್ಚು. ತರ್ಕದಲ್ಲಿ ಇಬ್ನುಲ್ ಜೌಝಿಯೇ ಗೆದ್ದನೆಂದು ನಾನು ಎಣಿಸುತ್ತೇನೆ. ಆದರೆ ಆಷಾಢದ ಕಡಲಿನಲ್ಲಿ ಹಾಯಿ ಹರಿದಾಗ ಯಾರೂ ಇಬ್ನುಲ್ ಜೌಝಿಯನ್ನು ನೆನೆಯಲಾರರು.

ಕಡಲಿನಲ್ಲಿ ಸತ್ತವರ ಮಾತು ಬಂದುದರಿಂದ ಬೊಬ್ಬರ್ಯನ ಹೆಸರನ್ನು ಎತ್ತದೆ ಮುಂದೆ ಹೋಗಲಾಗದು. ಬ್ರಹ್ಮಾವರ ಕುಂದಾಪುರಗಳ ಕರಾವಳಿಯಲ್ಲಿ ಮೊಗವೀರರು ನಂಬುವ ದೈವಗಳಲ್ಲಿ ಬೊಬ್ಬರ್ಯನು ಮುಖ್ಯನು. ಪಾಡ್ದನಗಳಲ್ಲಿ ಪಾಠಭೇದಗಳುಂಟಾದರೂ ಕಥೆಯ ತಿರುಳು ಇಷ್ಟು: ಅವನು ಮುಸಲ್ಮಾನ ವರ್ತಕನೊಬ್ಬನ ಮಗ, ಹಡಗಿನಲ್ಲಿ ವ್ಯಾಪಾರ ಮಾಡಿದ ಸಾಹಸಿ, ಕಡಲಿನಲ್ಲಿ ಮಡಿದು ಮಾಯಕ್ಕೆ ಸಂದು ದೈವವಾದವನು. ಕಡಲಿಗಿಳಿಯುವ ಮೊಗವೀರನು ಅವನಿಗೆ ಕೈಮುಗಿಯುತ್ತಾನೆ. ಯಾವ ಮತವು ಮಾನವನಿಗೆ ಇಹದಲ್ಲಿ ಅಮರತ್ವವಿಲ್ಲವೆಂದು ಖಂಡಿತವಾಗಿ ಹೇಳಿತೋ ಆ ಮತದಲ್ಲಿ ಹುಟ್ಟಿದವನಿಗೆ ನೆರೆಯವರು ಅದನ್ನು ಕೊಟ್ಟುಬಿಟ್ಟರು. ಮೌಲವಿಯು ಇದನ್ನು ಒಪ್ಪಲಾರನು, ಒಪ್ಪಬೇಕಾಗಿಯೂ ಇಲ್ಲ. ಬೊಬ್ಬರ್ಯನು ತಾನೇ ಬಯಸಿ ದೈವವಾದನೆಂದು ಯಾರೂ ಹೇಳುವುದಿಲ್ಲ. ಕಡಲು ನುಂಗಿದ ಒಬ್ಬನನ್ನು ಹಾಗೆಯೇ ಹೋಗಬಿಡಲು ದಡದಲ್ಲಿದ್ದವರಿಗೆ ಮನಸ್ಸು ಬರಲಿಲ್ಲ, ಅಷ್ಟೆ.

ಅದೇ ದುಃಖಕ್ಕೆ ಇಸ್ಲಾಮಿನಲ್ಲಿರುವ ಸಮಾಧಾನ ಬೇರೆ ತೆರನಾದುದು. ನೀರಿನಲ್ಲಿ ಮುಳುಗಿ ಸತ್ತವನನ್ನು ಹದೀಸುಗಳು ಹುತಾತ್ಮರ ಸಾಲಿಗೆ ಸೇರಿಸಿವೆ. ದೇವರ ಮಾರ್ಗದಲ್ಲಿ ಮಡಿದ ಹುತಾತ್ಮರನ್ನು ಸತ್ತವರೆಂದು ಬಗೆಯಬಾರದು, ಅವರು ತಮ್ಮ ಪ್ರಭುವಿನ ಬಳಿ ಬದುಕಿರುವರೆಂದು ಕುರಾನಿನ ವಚನದ ಭಾವ. ಹೀಗೆ ಆ ಹದಿನೆಂಟರ ಹುಡುಗನಿಗೆ ತನ್ನತನವನ್ನು ಬೆಳೆಯಿಸಿಕೊಳ್ಳಲು ಹೊತ್ತು ಸಿಗದಿದ್ದರೂ ಬಾಗಿಲು ತೆರೆಯಿತು. ಶಾಫಿ ಪಂಥದಲ್ಲಿ ಶವವು ಎದುರಿಗಿಲ್ಲದಿದ್ದರೂ ಮರಣದ ನಮಾಝನ್ನು ಸಲ್ಲಿಸಬಹುದು. ಹನಫಿಗಳಲ್ಲಿ ಈ ರೂಢಿಯಿಲ್ಲ. ಹಿಂದೆ ಕಡಲಿನಲ್ಲಿ ಕಳೆದುಹೋದವರಿಗೂ ಈಚಿನ ಕಾಲದಲ್ಲಿ ಕೊಲ್ಲಿಯ ದೇಶಗಳಲ್ಲಿ ದುಡಿಯುತ್ತ ಸತ್ತು ಅಲ್ಲಿಯೇ ಮಣ್ಣಾದವರಿಗೂ ಊರಿನ ಮಸೀದಿಯಲ್ಲಿ ಒಂದು ಸಾಲು ನಿಲ್ಲಲು ಸಾಧ್ಯವಾಗಿರುವುದು ಈ ಸಣ್ಣ ಶಾಸ್ತ್ರಭೇದದಿಂದ.

ದೇಹ ದೊರೆತು ಕಬರಿಗೆ ಇಳಿಸಿದ ಮೇಲೆ ನಡೆಯುವ ‘ತಲ್ಕೀನ್’ ಎಂಬ ಕರ್ಮವೂ ಶಾಫಿಗಳಲ್ಲಿ ವಿಹಿತ. ಒಬ್ಬನು ಸಮಾಧಿಯ ತಲೆಯ ಕಡೆ ಕುಳಿತು ಸತ್ತವನನ್ನು ಹೆಸರು ಹಿಡಿದು ಕರೆದು, ಪ್ರಶ್ನಿಸಲು ಬರುವ ದೇವದೂತರಿಗೆ ಏನೆಂದು ಉತ್ತರ ಕೊಡಬೇಕೆಂಬುದನ್ನು ನೆನಪಿಸುತ್ತಾನೆ. ಪರೀಕ್ಷೆಗೆ ಹೊರಟ ಹುಡುಗನಿಗೆ ಬಾಗಿಲಲ್ಲಿ ನಿಂತು ಹೇಳಿಕೊಟ್ಟ ಹಾಗೆ. ಕರೆಯುವುದು ತಂದೆಯ ಹೆಸರಿನಿಂದಲ್ಲ, ತಾಯಿಯ ಹೆಸರಿನಿಂದ. ತಾಯಿಯ ಹೆಸರು ತಿಳಿಯದಿದ್ದರೆ ಹವ್ವಾಳ ಮಗನೆಂದು. ಇದಕ್ಕೆ ಆಧಾರವಾದ ಹದೀಸು ದುರ್ಬಲವೆಂದು ಈ ಪದ್ಧತಿಯನ್ನು ಬಿಟ್ಟವರೂ ಇರುವರು. ಆದರೂ ಅಳಿಯಸಂತಾನದ ಕಟ್ಟಿನ ಮೂಲವನ್ನು ಬಾರಕೂರಿನ ಭೂತಾಳಪಾಂಡ್ಯನಿಗೆ ಕಟ್ಟಿ ಕಥೆ ಹೇಳುವ ಈ ನೆಲದಲ್ಲಿ, ತಾಯಿಯ ಹೆಸರು ಹಿಡಿದು ಕರೆದರೆ ಸತ್ತವನು ಕೇಳಿಸಿಕೊಂಡಾನು ಎಂಬ ನಂಬಿಕೆ ಯಾರಿಗೂ ವಿಚಿತ್ರವೆನಿಸದು.

ಇನ್ನು ಬದುಕಿರುವಾಗ ಮಾಡತಕ್ಕದ್ದು. ಮನುಷ್ಯನು ಸತ್ತೊಡನೆ ಅವನ ಕರ್ಮದ ಖಾತೆ ಮುಚ್ಚುತ್ತದೆ. ಮೂರು ಬಾಬುಗಳು ಮಾತ್ರ ತೆರೆದಿರುತ್ತವೆಯೆಂದು ಪ್ರಸಿದ್ಧವಾದ ಹದೀಸಿನ ಸಾರಾಂಶ. ಹರಿಯುತ್ತಲೇ ಇರುವ ದಾನ, ಇತರರಿಗೆ ಉಪಯೋಗವಾಗುವ ವಿದ್ಯೆ, ತನಗಾಗಿ ಪ್ರಾರ್ಥಿಸುವ ಸನ್ಮಾರ್ಗಿಯಾದ ಸಂತಾನ. ತೋಡಿಸಿದ ಬಾವಿ, ಕಟ್ಟಿಸಿದ ತಂಗುದಾಣ, ಮಸೀದಿಗೆ ಬಿಟ್ಟ ತೆಂಗಿನ ತೋಟ ಇವೆಲ್ಲ ‘ವಕ್ಫ್’ ಎನಿಸಿಕೊಳ್ಳುವುದು ಇದರಿಂದಲೇ. ಆ ಆಸ್ತಿಯನ್ನು ಮಾರುವಂತಿಲ್ಲ, ದಾನ ಕೊಡುವಂತಿಲ್ಲ, ಹಂಚಿಕೊಳ್ಳುವಂತಿಲ್ಲ. ಫಲ ಮಾತ್ರ ಹರಿಯುತ್ತಿರಬೇಕು. ಬಾರಕೂರು ಬಸರೂರುಗಳ ಶಾಸನಗಳನ್ನು ಓದಿದವರಿಗೆ ಇದರ ಅಣ್ಣತಮ್ಮನಂತಿರುವ ಪದವೊಂದು ನೆನಪಾದೀತು: ‘ಆಚಂದ್ರಾರ್ಕ’. ಚಂದ್ರಸೂರ್ಯರಿರುವವರೆಗೆ ಈ ದತ್ತಿ ನಡೆಯಲೆಂದು ಕಲ್ಲಿನಲ್ಲಿ ಕೊರೆಯಿಸಿದ ವರ್ತಕನೂ ಬಾವಿಯನ್ನು ವಕ್ಫ್ ಮಾಡಿದ ವರ್ತಕನೂ ಒಂದೇ ಬಂದರಿನ ಒಂದೇ ಪೇಟೆಯಲ್ಲಿ ವ್ಯವಹರಿಸಿದವರು. ವಿಜಯನಗರ ಕಾಲದ ಕರಾವಳಿಯ ಶಾಸನಗಳಲ್ಲಿ ಕಾಣುವ ‘ಹಂಜಮಾನ’ವೆಂಬ ವರ್ತಕಸಂಘದ ಹೆಸರು ಪಾರಸಿಯ ಅಂಜುಮನ್ ಎಂಬುದರಿಂದ ಬಂದುದೆಂದೂ ಅದು ಮುಸಲ್ಮಾನ ವ್ಯಾಪಾರಿಗಳನ್ನು ಸೂಚಿಸುತ್ತದೆಂದೂ ವಿದ್ವಾಂಸರು ಹೇಳಿರುವರು.

ಕೋಟದವರಾದ ಶಿವರಾಮ ಕಾರಂತರು ‘ಅಳಿದ ಮೇಲೆ’ ಎಂಬ ಕಾದಂಬರಿಯಲ್ಲಿ ಹುಡುಕಿದ್ದೂ ಒಬ್ಬ ಮನುಷ್ಯನು ಹೋದ ಮೇಲೆ ಏನು ಉಳಿಯುತ್ತದೆಂಬುದನ್ನೇ. ಪರಲೋಕದ ವಿಚಾರದಲ್ಲಿ ಕಾರಂತರು ಯಾವ ಮತಕ್ಕೂ ಸಾಲ ಬಿದ್ದವರಲ್ಲ. ಆದರೂ ಸತ್ತವನ ಲೆಕ್ಕವನ್ನು ಅವನಿಂದ ಉಪಕೃತರಾದವರ, ನೊಂದವರ ಮನೆಗಳಲ್ಲಿ ಹುಡುಕಬೇಕೆಂಬ ವಿಷಯದಲ್ಲಿ ಅವರ ಕಾದಂಬರಿಯೂ ಆ ಹದೀಸೂ ಬಹಳ ದೂರ ನಿಲ್ಲುವುದಿಲ್ಲ.

ಹೆಸರು ಉಳಿಯಬೇಕೆಂಬ ಆಸೆಯು ಈ ಕರಾವಳಿಯ ನೀರಿನಲ್ಲಿ ಏನಾಯಿತೆಂಬುದಕ್ಕೆ ಇತಿಹಾಸದಲ್ಲಿ ಒಂದು ನಿದರ್ಶನವಿದೆ. ಮೊರಾಕ್ಕೋ ದೇಶದ ಪ್ರವಾಸಿ ಇಬ್ನ್ ಬತೂತನು 1342ರಲ್ಲಿ ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಕ್ಕೆ ಹೋಗಲು ದಿಲ್ಲಿಯಿಂದ ಹೊರಟು ಈ ದಾರಿಯಾಗಿ ಬಂದನು. ಹೊನ್ನಾವರವನ್ನು ಬಿಟ್ಟ ಮೇಲೆ ಅವನು ಕಂಡ ಮೊದಲ ಊರು ‘ಅಬೂ ಸರೂರ್’, ಎಂದರೆ ಬಸರೂರು. ಆಮೇಲೆ ‘ಫಾಕನೂರ್’, ನಮ್ಮ ಬಾರಕೂರು. ಮಾಲಿಕ್ ಬಿನ್ ದೀನಾರರ ಪರಂಪರೆಯಲ್ಲಿ ಹೇಳುವ ಮೊದಲ ಮಸೀದಿಗಳ ಪಟ್ಟಿಯಲ್ಲಿಯೂ ಈ ಫಾಕನೂರಿನ ಹೆಸರುಂಟು. ಬಾರಕೂರಿನ ಕಬ್ಬಿಗೆ ಸಾಟಿಯಿಲ್ಲವೆಂದು ಬತೂತನು ಹೊಗಳಿದ್ದಾನೆ. ಬಸರೂರಿನಲ್ಲಿ ತೆಂಗಿನ ಮರಗಳ ಸಮೃದ್ಧಿಯನ್ನೂ ಅಲ್ಲಿನ ಮುಸಲ್ಮಾನರ ಮುಖಂಡನಾದ ಶೇಖ್ ಜುಮಾ ಎಂಬವನನ್ನೂ ಕಂಡನು. ಅಬೂ ಸಿತ್ತ ಎಂದೂ ಅವನನ್ನು ಕರೆಯುತ್ತಿದ್ದರು.

ಇದಕ್ಕೆ ಕೆಲವು ವರ್ಷ ಮುಂಚೆ ಬತೂತನು ಮಧ್ಯ ಏಷ್ಯದ ಬುಖಾರಾ ನಗರದಲ್ಲಿದ್ದಾಗ ಅಲ್ಲಿನ ವಿದ್ವಾಂಸರ ಗೋರಿಗಳನ್ನು ಸಂದರ್ಶಿಸಿದ್ದನು. ಗೋರಿಗಳ ಮೇಲೆ ಇಂಥವನು, ಇಂತಿಂಥ ಗ್ರಂಥಗಳನ್ನು ಬರೆದವನು ಎಂದು ಕೊರೆಯಿಸಿಡುವುದು ಆ ಊರಿನ ಪದ್ಧತಿ. ಅಂಥ ಬರೆಹಗಳನ್ನು ಎಷ್ಟೋ ಪ್ರತಿಮಾಡಿಕೊಂಡಿದ್ದೆನೆಂದೂ ಹಿಂದೂಸ್ಥಾನದ ಕಡಲಿನಲ್ಲಿ ಕಳ್ಳರು ದೋಚಿದಾಗ ಅವೆಲ್ಲ ಹೋದವೆಂದೂ ಅವನು ವಿಷಾದದಿಂದ ಹೇಳಿಕೊಂಡಿದ್ದಾನೆ. ಅವನು ಸರ್ವಸ್ವವನ್ನೂ ಕಳೆದುಕೊಂಡ ಆ ದರೋಡೆ ನಡೆದದ್ದು ಹೊನ್ನಾವರಕ್ಕೂ ಬಾರಕೂರಿಗೂ ನಡುವಣ ಒಂದು ಸಣ್ಣ ದ್ವೀಪದ ಬಳಿ. ಎಂದರೆ ಈಗಿನ ಶಿರೂರು, ಬೈಂದೂರು, ಗಂಗೊಳ್ಳಿಗಳ ತೀರಕ್ಕೆ ಎದುರಾದ ಕಡಲ ಸೆರಗಿನಲ್ಲಿ. ಹನ್ನೆರಡು ಹಡಗುಗಳು ಮುತ್ತಿದುವು. ರತ್ನಗಳು ಹೋದವು, ಬಟ್ಟೆಬರೆ ಹೋಯಿತು. ಮೈಮೇಲೆ ಚಲ್ಲಣವೊಂದು ಉಳಿಯಿತು. ಬುಖಾರಾದ ಕಲ್ಲುಗಳಲ್ಲಿ ಶಾಶ್ವತವಾಗಿರಲೆಂದು ಕೆತ್ತಿಸಿದ ಹೆಸರುಗಳ ಪ್ರತಿಗಳು ಈ ನೀರಿನ ಮೇಲೆ ಕೊನೆಗಂಡುವು.

ಟಿಪ್ಪಣಿಗಳೊಂದೂ ಕೈಯಲ್ಲಿಲ್ಲದೆ, ತಾಯ್ನಾಡಿಗೆ ಮರಳಿದ ಬಹುಕಾಲದ ಮೇಲೆ, ಫೇಸ್ ನಗರದಲ್ಲಿ ಕುಳಿತು ನೆನಪಿನಿಂದ ಹೇಳಿ ಬರೆಯಿಸಿದ ಪುಸ್ತಕ ಅವನದು, ಮುಗಿದದ್ದು 1355ರಲ್ಲಿ. ಆ ವಿದ್ವಾಂಸರ ಗೋರಿಬರೆಹಗಳಲ್ಲಿ ಬಹುಭಾಗ ಅದರಲ್ಲಿ ಬಾರದೆ ಹೋಯಿತು. ಬಸರೂರಿನ ಶೇಖ್ ಜುಮಾ ಮಾತ್ರ ಬಂದಿದ್ದಾನೆ. ಅವನು ಗ್ರಂಥಗಳನ್ನು ಬರೆದವನೆಂದಾಗಲಿ, ದೊಡ್ಡ ಮಂದಿರವನ್ನು ಕಟ್ಟಿಸಿದವನೆಂದಾಗಲಿ ಬತೂತನು ಹೇಳುವುದಿಲ್ಲ. ಉದಾರಿಯಾಗಿದ್ದನೆಂದೂ, ಫಕೀರರಿಗೂ ಬಡಬಗ್ಗರಿಗೂ ಕೊಟ್ಟು ಕೊಟ್ಟು ಕೊನೆಗೆ ತನ್ನ ಹಣವನ್ನೆಲ್ಲ ಮುಗಿಸಿಕೊಂಡನೆಂದೂ ಇಷ್ಟೇ ಹೇಳಿ ಮುಂದಿನ ಊರಿಗೆ ಹೋಗುತ್ತಾನೆ.